ಅಪ್ಪನ ಫಿಯಟ್‌ಗೆ ಕಾಣದ ಸ್ಟೀರಿಯೊ, ಕಿರುಚದ ಸೈಲೆನ್ಸರ್

ನಮ್ಮ ಮನೆಯಲ್ಲಿರುವುದು 1977ರ ಪ್ರೀಮಿಯರ್ ಪದ್ಮಿನಿ. ಕಲಬುರಗಿಯಲ್ಲಿ ಇವತ್ತಿಗೂ ಅದನ್ನು ಎಲ್ಲರೂ ಫಿಯಟ್ ಅಂತಲೇ ಕರೆಯುತ್ತಾರೆ. ಹಾಗೆ ಕರೆದರೆ ತಪ್ಪೂ ಇಲ್ಲ. ಇಟಲಿಯ ಫಿಯಟ್ 1100 ಕಾರನ್ನೇ ಮುಂಬೈ ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ಇಲ್ಲಿ ತಯಾರು ಮಾಡುತ್ತಿದ್ದರು. ಎಂಜಿನ್ 1089 ಸಿಸಿ, ಗೇರು ಸ್ಟೇರಿಂಗ್ ಪಕ್ಕದಲ್ಲಿ, ಮುಂದೆ ಮೂರು ಮಂದಿ ಆರಾಮಾಗಿ ಕೂರುವ ಉದ್ದ ಸೀಟು. ಅಪ್ಪನಿಗೆ ಎಪ್ಪತ್ತು ದಾಟಿದೆ. ನೆಹರು ಗಂಜ್ ಮಾರುಕಟ್ಟೆಯಲ್ಲಿ ನಮ್ಮದು ತೊಗರಿ ಅಡತ್ (ದಲ್ಲಾಳಿ) ಅಂಗಡಿ. ಅವರು ಈಗಲೂ ಬೆಳಿಗ್ಗೆ ಇದೇ ಗಾಡಿಯಲ್ಲಿ ಗಂಜ್‌ಗೆ ಹೋಗಿ ಬರುತ್ತಾರೆ.

ಅಪ್ಪನ ಆಸೆ ಸಣ್ಣದು. ಗಾಣಗಾಪುರಕ್ಕೋ ಬೀದರ್‌ಗೋ ಹೋಗುವಾಗ ಗಾಡಿಯಲ್ಲಿ ಮಲ್ಲಿಕಾರ್ಜುನ ಮನ್ಸೂರರ ವಚನ ಕೇಳಬೇಕು. ಜೊತೆಗೆ ಒಂದು ಷರತ್ತು ಹಾಕಿದರು. "ನೋಡಪಾ, ಹಾಡು ಬರ್ಬೇಕು. ಆದ್ರ ಗಾಡಿಗೆ ಒಂದು ತೂತು ಸೈತ ಹೊಡಿಬ್ಯಾಡ. ನಾಳೆ ಬ್ಯಾಡ ಅಂದ್ರ ಎಲ್ಲಾ ಬಿಚ್ಚಿ ಮೊದ್ಲಿನಂಗ ಮಾಡ್ಲಿಕ್ಕೆ ಬರ್ಬೇಕು." ಈ ಒಂದು ಮಾತು ಮುಂದಿನ ಕೆಲಸವನ್ನೆಲ್ಲ ನಡೆಸಿತು. ನನಗೂ ಅದೇ ಸರಿ ಅನ್ನಿಸಿತ್ತು. ಹಳೆ ಗಾಡಿಗೆ ಏನು ಬೇಕಾದರೂ ಸೇರಿಸಬಹುದು. ಕತ್ತರಿಸಿ ತೆಗೆದದ್ದನ್ನು ಮಾತ್ರ ಮತ್ತೆ ತರೋಕಾಗಲ್ಲ.

ಮೊದಲು ಕಾರ್ ಆಕ್ಸೆಸರಿ ಅಂಗಡಿಯೊಂದಕ್ಕೆ ಹೋದೆ. ನಾಲ್ಕೂ ಬಾಗಿಲಿಗೆ ದುಂಡಗೆ ಕತ್ತರಿಸಿ ಸ್ಪೀಕರ್ ಕೂರಿಸೋಣ, ಡ್ಯಾಶ್‌ಬೋರ್ಡ್ ಕೊಯ್ದು ಟಚ್ ಸ್ಕ್ರೀನ್ ಹಾಕೋಣ ಅಂದರು. ಹಿಂದಿನ ಪೈಪಿಗೆ ದೊಡ್ಡ ಬಾಯಿಯ ಸೈಲೆನ್ಸರ್ ಹಾಕಿದರೆ "ಸ್ಪೋರ್ಟಿ" ಆವಾಜು ಬರುತ್ತೆ ಅಂತಲೂ ಸೇರಿಸಿದರು. ಒಂದು ಬಾಗಿಲಿನ ಮೇಲೆ ಪೆನ್ಸಿಲ್‌ನಿಂದ ಗೆರೆ ಎಳೆಯೋಕೆ ಶುರು ಮಾಡಿದಾಗ ನಾನು ಕೀ ತಗೊಂಡು ಹೊರಟೆ.

ಇದರಲ್ಲಿ ಕಾನೂನಿನ ವಿಷಯವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿ ಪುಸ್ತಕಕ್ಕೂ ತಾಳೆಯಾಗದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಶಬ್ದ ಮಾಲಿನ್ಯಕ್ಕೆ 190ನೇ ಸೆಕ್ಷನ್‌ನಲ್ಲಿ 10,000 ರೂಪಾಯಿವರೆಗೆ ದಂಡ ಇದೆ. ಕಿರುಚುವ ಸೈಲೆನ್ಸರ್‌ಗಳನ್ನು ರಸ್ತೆಯಲ್ಲಿ ಸಾಲಾಗಿ ಇಟ್ಟು ಪೊಲೀಸರು ರೋಡ್ ರೋಲರ್ ಹಾಯಿಸಿದ್ದನ್ನು ನಮ್ಮ ರಾಜ್ಯದಲ್ಲೇ ನೋಡಿದ್ದೇವೆ, ಅಲ್ವಾ? ಇನ್ನೊಂದು, 2021ರಲ್ಲಿ ವಿಂಟೇಜ್ ಗಾಡಿಗಳಿಗೆ ಅಂತ ಹೊಸ ನಿಯಮ ಬಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ ಗಾಡಿಗೆ "ವಿಎ" ಅಕ್ಷರದ ನಂಬರ್ ಪ್ಲೇಟ್ ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್ ಕೆಡಿಸಿರಬಾರದು. ಹಾಗೆ ನೋಂದಣಿ ಮಾಡಿಸಿದ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ, ಆದ್ದರಿಂದ ಅಪ್ಪ ಗಂಜ್‌ಗೆ ಹೋಗುವವರೆಗೂ ನಾವು ಅದನ್ನು ಮಾಡಿಸುವುದಿಲ್ಲ. ಆದರೆ 1977ರ ಗಾಡಿ ಆ ಗೆರೆಯ ಹತ್ತಿರವೇ ನಿಂತಿರುವಾಗ ಬಾಗಿಲು ಕತ್ತರಿಸಿ ಆ ದಾರಿ ಮುಚ್ಚುವುದು ನನಗೆ ಇಷ್ಟವಿರಲಿಲ್ಲ.

ಈಗ ಸೈಲೆನ್ಸರ್ ವಿಷಯ. ಹಾಡಿನ ಅರ್ಧ ಕೆಲಸ ಇಲ್ಲೇ ಇತ್ತು.

ನಮ್ಮ ಗಾಡಿಯಲ್ಲಿ ಐವತ್ತು ದಾಟಿದ ಕೂಡಲೇ ಒಳಗೆ ಒಂದು ಗುಂಯ್‌ಗುಡುವಿಕೆ ತುಂಬಿಕೊಳ್ಳುತ್ತಿತ್ತು. ಕಿವಿಗೆ ಅಷ್ಟಾಗಿ ಕೇಳಿಸುವುದಿಲ್ಲ, ಎದೆಗೆ ಬಡಿಯುತ್ತದೆ. ಇದರ ಲೆಕ್ಕ ಸುಲಭ. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಹೊಡೆಯುತ್ತದೆ. ನಿಮಿಷಕ್ಕೆ 2,100 ಸುತ್ತು ಅಂದರೆ ಸೆಕೆಂಡಿಗೆ 70 ಹೊಡೆತ, ಅಂದರೆ 70 ಹರ್ಟ್ಸ್. ಟಾಪ್ ಗೇರಿನಲ್ಲಿ ಐವತ್ತು ಚಿಲ್ಲರೆ ವೇಗದಲ್ಲಿ ನಮ್ಮ ಎಂಜಿನ್ ಹೆಚ್ಚುಕಡಿಮೆ ಇಷ್ಟೇ ತಿರುಗುತ್ತದೆ. ಈಗ ಗಂಡು ದನಿಗೆ ಶ್ರುತಿ ಮಾಡಿದ ತಂಬೂರಿ ತಗೊಳ್ಳಿ. ಅದರ ಖರ್ಜದ ತಂತಿ, ಅಂದರೆ ಅತಿ ಕೆಳಗಿನ ಸ್ವರದ್ದು, ಸಾಮಾನ್ಯವಾಗಿ 65ರಿಂದ 75 ಹರ್ಟ್ಸ್ ಒಳಗೇ ಇರುತ್ತದೆ. ಅಂದರೆ ಹರಿದ ಸೈಲೆನ್ಸರ್‌ನ ಗುಂಯ್ ಸರಿಯಾಗಿ ತಂಬೂರಿಯ ಮೇಲೆಯೇ ಬಂದು ಕೂರುತ್ತದೆ. ಸ್ಪೀಕರ್ ಎಷ್ಟೇ ದುಬಾರಿ ತನ್ನಿ, ವಾಲ್ಯೂಮ್ ಎಷ್ಟೇ ಏರಿಸಿ, ಗಾಯಕರ ಮೇಲಿನ ದನಿ ಮಾತ್ರ ಚುಚ್ಚುತ್ತದೆ. ಕೆಳಗಿನ ಆಧಾರ ಸಿಗುವುದೇ ಇಲ್ಲ. ಈ ಲೆಕ್ಕ ಹಾಕಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಮೊದಲು ಪೈಪು, ಆಮೇಲೆ ಹಾಡು.

ಗಾಡಿಯನ್ನು ಎಂಎಸ್‌ಕೆ ಮಿಲ್ ಕಡೆಯ ನಮ್ಮ ಮೆಕ್ಯಾನಿಕ್ ಉಸ್ತಾದರ ಹತ್ತಿರ ಒಯ್ದೆ. ಅಪ್ಪನ ಕಾಲದಿಂದ ಈ ಗಾಡಿಗೆ ಕೈ ಹಾಕುವವರು ಅವರೊಬ್ಬರೇ. ಹಳೆ ಸೈಲೆನ್ಸರ್ ಬಿಚ್ಚಿ ನೆಲಕ್ಕಿಟ್ಟು ಅಲ್ಲಾಡಿಸಿದರು. ಒಳಗೆ ಮುರಿದ ತಗಡು ಗಲಗಲ ಅಂದಿತು. ಹೊರಗೆ ಬಣ್ಣ ನೆಟ್ಟಗಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೆ ತಗಡು ಹಪ್ಪಳದ ಹಾಗೆ ಮುರಿಯಿತು. ಇದಕ್ಕೆ ಕಾರಣ ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ದೂರ ಓಡಿಸಿದರೆ ಪೈಪು ಕಾದು ಆವಿ ಹೊರಗೆ ಹೋಗುತ್ತದೆ. ಮನೆಯಿಂದ ಗಂಜ್, ಗಂಜ್‌ನಿಂದ ಮನೆ, ಇಷ್ಟೇ ಓಡಿದರೆ ಪೈಪು ಕಾಯುವುದೇ ಇಲ್ಲ. ನೀರು ಸೈಲೆನ್ಸರ್ ಹೊಟ್ಟೆಯಲ್ಲಿ ನಿಲ್ಲುತ್ತದೆ. ಹೀಗಾಗಿ ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಮನೆಯಲ್ಲೇ ನಿಲ್ಲಿಸಿ ಜೋಪಾನ ಮಾಡಿದ ಗಾಡಿಗಳ ಸೈಲೆನ್ಸರೇ ಬೇಗ ಹೋಗುವುದು ಇದಕ್ಕೇ.

ಪೈಪಿನ ಗಾತ್ರದ ಮಾತು ಬಂತು. ಎರಡು ಇಂಚಿನ ಪೈಪ್ ಹಾಕಿದರೆ ಎಂಜಿನ್ ಚೆನ್ನಾಗಿ ಉಸಿರಾಡುತ್ತದೆ ಅಂತ ಗೆಳೆಯರು ಹೇಳಿದ್ದರು. ಉಸ್ತಾದರು ತಲೆ ಅಲ್ಲಾಡಿಸಿದರು. "ನೋಡು ಬೇಟಾ, ಪೈಪ್ ದಪ್ಪ ಮಾಡಿದ್ರ ಆವಾಜ್ ಬರ್ತದ, ತಾಕತ್ ಹೋಗ್ತದ." ಅವರ ಮಾತು ಸರಿ. ನಲವತ್ತು ಚಿಲ್ಲರೆ ಎಚ್‌ಪಿಯ ಎಂಜಿನ್ ಇದು. ಪೈಪು ಅಗಲವಾದರೆ ಹೊಗೆಯ ವೇಗ ಕಮ್ಮಿ ಆಗುತ್ತದೆ. ಒಂದು ಹೊಡೆತದ ಹೊಗೆ ಮುಂದಿನದನ್ನು ಎಳೆದುಕೊಂಡು ಹೋಗುವುದು ತಪ್ಪುತ್ತದೆ. ಕಮ್ಮಿ ವೇಗದಲ್ಲಿ ಎಳೆತ ಸಾಯುತ್ತದೆ. ಸೂಪರ್ ಮಾರ್ಕೆಟ್ ಗದ್ದಲದಲ್ಲಿ ಸೆಕೆಂಡ್ ಗೇರಿನಲ್ಲೇ ಓಡುವ ಗಾಡಿಗೆ ಅದು ಬೇಡ. ಮೊದಲಿದ್ದ ಒಂದೂವರೆ ಇಂಚನ್ನೇ ಉಳಿಸಿಕೊಂಡೆವು.

ಲೋಹಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಆರಿಸಿದೆ, 304 ಗ್ರೇಡ್. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. 304ಕ್ಕೆ ಅದು ಗಟ್ಟಿಯಾಗಿ ಅಂಟುವುದಿಲ್ಲ. ಗಟ್ಟಿಯಾಗಿ ಅಂಟಿದರೆ ಬೇರೆ ಗ್ರೇಡು. ಎಕ್ಸಾಸ್ಟ್‌ಗೆ ಅಂತಲೇ ಪೈಪ್ ಮಾಡುವವರು ನಮ್ಮೂರಲ್ಲಿ ನನಗೆ ಸಿಗಲಿಲ್ಲ. ಆದರೆ ಸ್ಟೀಲ್ ರೇಲಿಂಗ್, ಹೋಟೆಲ್ ಕೌಂಟರ್ ಮಾಡುವವರು ಎಷ್ಟು ಮಂದಿ ಬೇಕು! ಅವರ ಹತ್ತಿರ ಆರ್ಗಾನ್ ವೆಲ್ಡಿಂಗ್ ಇರುತ್ತದೆ, ಕಾದ ಲೋಹಕ್ಕೆ ಗಾಳಿ ತಾಗದಂತೆ ಆರ್ಗಾನ್ ಅನಿಲ ಬಿಟ್ಟು ಮಾಡುವುದು. ಹುಮನಾಬಾದ್ ರಸ್ತೆಯ ಒಬ್ಬರು ಒಪ್ಪಿಕೊಂಡರು. "ಅಣ್ಣಾರ, ದೊಡ್ಡ ದೊಡ್ಡ ಬಂಗ್ಲೆದ ರೇಲಿಂಗ್ ಮಾಡೀನಿ. ಗಾಡಿ ಕೆಳಗ ಮಲಗಿ ಕೆಲ್ಸ ಮಾಡಿಲ್ಲ. ಆದ್ರ ನೀವು ತೋರಿಸ್ರಿ, ನಾ ಮಾಡ್ತೀನಿ" ಅಂದರು. ಕೆಳಗೆ ಮಲಗಿ ಪೂರ್ತಿ ವೆಲ್ಡಿಂಗ್ ಮಾಡುವ ಅಗತ್ಯವೂ ಇರಲಿಲ್ಲ. ಬ್ಯಾಟರಿ ತಂತಿ ಬಿಚ್ಚಿಟ್ಟು, ಗಾಡಿಯ ಕೆಳಗೆ ಪೈಪು ಜೋಡಿಸಿ, ಅಲ್ಲಲ್ಲಿ ಚುಕ್ಕಿ ಹೊಡೆದು ಹಿಡಿಸಿದರು. ಆಮೇಲೆ ಇಡೀ ಪೈಪನ್ನು ಇಳಿಸಿ ಟೇಬಲ್ ಮೇಲೆ ವೆಲ್ಡಿಂಗ್ ಮಾಡಿದರು.

ಅವರ ಕೈಕೆಲಸದ ಒಂದು ಸಂಗತಿ ಹೇಳಲೇಬೇಕು. ಸ್ಟೇನ್‌ಲೆಸ್ ಪೈಪಿಗೆ ಹೊರಗಿನಿಂದ ಮಾತ್ರ ಆರ್ಗಾನ್ ಬಿಟ್ಟರೆ ಒಳಗಿನ ಬದಿ ಗಾಳಿಗೆ ಸಿಕ್ಕು ಕರಕಲಾಗಿ ಉಬ್ಬುತ್ತದೆ. ರೇಲಿಂಗ್‌ಗೆ ಅದು ನಡೆಯುತ್ತದೆ, ಒಳಗೆ ಯಾರು ನೋಡುತ್ತಾರೆ? ಹೊಗೆ ಹೋಗುವ ಪೈಪಿಗೆ ನಡೆಯುವುದಿಲ್ಲ. ಹೊಗೆಗೂ ಅಡ್ಡ, ಬಿರುಕು ಶುರುವಾಗುವುದೂ ಅಲ್ಲಿಂದಲೇ. ಇದನ್ನು ಹೇಳಿದಾಗ ಅವರು ಪೈಪಿನ ಎರಡೂ ಬಾಯಿಗೆ ಟೇಪು ಸುತ್ತಿ, ಒಂದು ಕಡೆಯಿಂದ ಸಣ್ಣ ನಳಿಗೆಯಲ್ಲಿ ಒಳಗೂ ಆರ್ಗಾನ್ ತುಂಬಿಸಿದರು. ಗಾಳಿ ಹೊರಗೆ ಹೋಗಲಿ ಅಂತ ಇನ್ನೊಂದು ಕಡೆ ಸೂಜಿಯಷ್ಟು ತೂತು ಬಿಟ್ಟರು. ವೆಲ್ಡಿಂಗ್ ಆದ ಮೇಲೆ ಒಳಗೆ ಟಾರ್ಚ್ ಬಿಟ್ಟು ನೋಡಿದೆವು. ಹೊಲಿಗೆ ಎರಡೂ ಕಡೆ ಒಂದೇ ಬಣ್ಣ, ತಿಳಿ ಬಂಗಾರದ್ದು. ಅವರು ಫೋಟೊ ತೆಗೆದಿಟ್ಟುಕೊಂಡರು. ನಾನೂ ತೆಗೆದುಕೊಂಡೆ.

ಬಾಗು ಬರುವ ಕಡೆ ಪೈಪ್ ಬಗ್ಗಿಸಲಿಲ್ಲ. ಸರಿಯಾದ ಮಷೀನ್ ಇಲ್ಲದೆ ಬಗ್ಗಿಸಿದರೆ ಒಳಬದಿ ಮಡಚಿಕೊಂಡು ದಾರಿ ಕಿರಿದಾಗುತ್ತದೆ. ಹಾಲಿನ ಡೇರಿಗಳ ಪೈಪ್‌ಲೈನ್‌ಗೆ ಬಳಸುವ ರೆಡಿ ಬೆಂಡ್ ತಂದು ಕೂಡಿಸಿದೆವು. ಮಧ್ಯದಲ್ಲಿ ಒಂದು ಸಣ್ಣ ಡಬ್ಬಿ: ಒಳಗೆ ತೂತು ತೂತಿನ ನೇರ ಪೈಪು, ಸುತ್ತ ಗ್ಲಾಸ್ ವುಲ್. ಅದು ಚರಚರ ಅನ್ನುವ ಮೇಲಿನ ಶಬ್ದ ನುಂಗುತ್ತದೆ. ಗುಂಯ್‌ಗುಡುವ ಕೆಳಗಿನ ಶಬ್ದಕ್ಕೆ ಉಣ್ಣೆ ಸಾಲದು, ಜಾಗ ಬೇಕು. ಅದಕ್ಕೆ ಹಿಂದೆ ದೊಡ್ಡ ಸೈಲೆನ್ಸರ್, ಒಳಗೆ ಮೂರು ಕೋಣೆ. ಅದರ ಅತಿ ಕೆಳಗಿನ ಮೂಲೆಯಲ್ಲಿ ನೀರು ಇಳಿಯಲು 3 ಮಿಲಿಮೀಟರ್ ತೂತು. ಅಪ್ಪನಿಗೆ ಇದನ್ನು ತೋರಿಸಿ, ಗಾಡಿಗೆ ತೂತು ಹಾಕಿಲ್ಲ, ಹೊಸ ಡಬ್ಬಿಗೆ ಹಾಕಿದ್ದು ಅಂತ ಮೊದಲೇ ಹೇಳಿದೆ.

ಪೈಪನ್ನು ಬಿಗಿಯಾಗಿ ಕಟ್ಟಬಾರದು. 304 ಸ್ಟೀಲು ನೂರು ಡಿಗ್ರಿ ಬಿಸಿಗೆ ಮೀಟರಿಗೆ 1.7 ಮಿಲಿಮೀಟರ್ ಹಿಗ್ಗುತ್ತದೆ. ಮೂರು ಮೀಟರ್ ಪೈಪು ಇನ್ನೂರು ಡಿಗ್ರಿ ಏರಿದರೆ ಒಂದು ಸೆಂಟಿಮೀಟರ್ ಉದ್ದ ಆಗುತ್ತದೆ. ಅದಕ್ಕೆ ರಬ್ಬರ್ ಹ್ಯಾಂಗರ್‌ಗಳು. ಎಂಜಿನ್ ತನ್ನ ರಬ್ಬರ್ ಮೇಲೆ ತೂಗಾಡುತ್ತದಲ್ಲ, ಅದಕ್ಕೆ ಮುಂದೆ ಒಂದು ಜಾಲರಿಯ ಫ್ಲೆಕ್ಸಿಬಲ್ ತುಂಡು. ಎಲ್ಲ ಹ್ಯಾಂಗರ್‌ಗಳೂ ಹಳೆ ಬೋಲ್ಟಿನ ಜಾಗದಲ್ಲೇ ಕೂತವು. ಹೊರಗೆ ಶಾಖ ತಡೆಯುವ ಮಂಕು ಕಪ್ಪು ಬಣ್ಣ ಬಳಿಸಿದೆ. ಹಿಂದಿನಿಂದ ನೋಡಿದರೆ ಹೊರಗೆ ಬರುವ ಪೈಪಿನ ತುದಿ ಮೊದಲಿನ ಜಾಗದಲ್ಲಿ, ಮೊದಲಿನಷ್ಟೇ.

ಕೊನೆಗೆ ಸೋರಿಕೆ ನೋಡಬೇಕು. ಎಂಜಿನ್ ಶುರು ಮಾಡಿ, ಒದ್ದೆ ಗೋಣಿಬಟ್ಟೆಯಿಂದ ಹಿಂದಿನ ಬಾಯಿ ಒಂದೆರಡು ಕ್ಷಣ ಒತ್ತಿ ಹಿಡಿದರೆ ಎಲ್ಲಿ ಸಂದಿದೆಯೋ ಅಲ್ಲಿ ಸುಸ್ ಅನ್ನುತ್ತದೆ. ಇದನ್ನು ಬಿಡಲೇಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಹಳೆ ಗಾಡಿಯ ತಳದಲ್ಲಿ ಸಂದಿ ಜಾಸ್ತಿ, ಒಳಗೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ಆಮೇಲೆ ಎಮಿಷನ್ ಟೆಸ್ಟ್ ಮಾಡಿಸಿದೆ. ನಮ್ಮಂಥ ಹಳೆ ಪೆಟ್ರೋಲ್ ಕಾರಿಗೆ ಆ ಅನಿಲದ ಮಿತಿ ಶೇಕಡಾ 3. ಕಾರ್ಬುರೇಟರ್ ಸ್ವಲ್ಪ ತಿರುಗಿಸಿದ ಮೇಲೆ ಆರಾಮಾಗಿ ಪಾಸಾಯಿತು.

ಸ್ಟೀರಿಯೊಗೆ ಬರುತ್ತೇನೆ.

ಡ್ಯಾಶ್‌ಬೋರ್ಡ್ ಕೆಳಗೆ ಎರಡು ಗುಬುಟಿನ ಹಳೆ ರೇಡಿಯೊ ಒಂದಿತ್ತು. ಸುಟ್ಟು ಎಷ್ಟೋ ವರ್ಷ ಆಗಿದೆ. ಗ್ಲೋವ್ ಬಾಕ್ಸಿನಲ್ಲಿ ಅದರ ಲೈಸೆನ್ಸ್ ಪುಸ್ತಕವೂ ಇದೆ. ಆಗ ರೇಡಿಯೊ ಇಟ್ಟುಕೊಳ್ಳೋಕೆ ಪೋಸ್ಟ್ ಆಫೀಸಿನಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು. ಆ ರೇಡಿಯೊವನ್ನು ಅಲ್ಲೇ ಉಳಿಸಿದೆವು. ರೇಡಿಯೊ ರಿಪೇರಿ ಮಾಡುವ ಕಾಕಾ ಒಬ್ಬರು ಅದರ ಹಳೆ ವಾಲ್ಯೂಮ್ ಕಂಟ್ರೋಲ್ ತೆಗೆದು, ಸ್ವಿಚ್ ಇರುವ ಡಬಲ್ ವಾಲ್ಯೂಮ್ ಕೂರಿಸಿದರು. ದಂಡ ಅಷ್ಟೇ ದಪ್ಪ, ಹಳೆ ಗುಬುಟೇ ಅದಕ್ಕೆ ಕೂತಿತು. ಈಗ ಆ ಸ್ವಿಚ್ಚಿನಿಂದ ಒಂದು ತೆಳು ತಂತಿ ಸೀಟಿನ ಕೆಳಗಿನ ಆಂಪ್ಲಿಫೈಯರ್‌ನ ರಿಮೋಟ್ ತಂತಿಗೆ, ಅಂದರೆ ಅದನ್ನು ಆನ್ ಮಾಡುವ ತಂತಿಗೆ, ಹೋಗುತ್ತದೆ. ಬ್ಲೂಟೂತ್, ಎಫ್‌ಎಂ, ಪೆನ್‌ಡ್ರೈವ್ ಓದುವ ಸಣ್ಣ ಬೋರ್ಡು ಗ್ಲೋವ್ ಬಾಕ್ಸಿನ ಹಿಂಬದಿಯಲ್ಲಿದೆ. ಅದರ ಹಾಡು ಇದೇ ವಾಲ್ಯೂಮ್ ದಾಟಿ ಆಂಪ್ಲಿಫೈಯರ್‌ಗೆ ಹೋಗುತ್ತದೆ. ಗುಬುಟು ತಿರುಗಿಸಿದರೆ ಟಕ್ ಅನ್ನುತ್ತದೆ, ಹಾಡು ಶುರು. ಆ ಟಕ್ ನನಗೆ ಬೇಕೇಬೇಕಿತ್ತು. ತೆಗೆದ ಹಳೆ ಭಾಗ ಚೀಟಿ ಬರೆದು ಡಬ್ಬಿಯಲ್ಲಿ ಇಟ್ಟಿದ್ದೇನೆ.

ಮುಂದಿನದು ಕರೆಂಟಿನ ಲೆಕ್ಕ. ನಮ್ಮ ಗಾಡಿಯಲ್ಲಿ ಬ್ಯಾಟರಿ ಚಾರ್ಜ್ ಮಾಡೋಕೆ ಇದ್ದದ್ದು ಹಳೆ ಕಾಲದ ಡೈನಮೊ. ಅದು ಕೊಡುವುದು ಇಪ್ಪತ್ತು ಆಂಪಿಯರ್ ಆಸುಪಾಸು. ಅದೂ ಓಡುವಾಗ. ಸಿಗ್ನಲ್‌ನಲ್ಲಿ ನಿಂತರೆ ಚಾರ್ಜೇ ಇಲ್ಲ. ರಾತ್ರಿ ಹೆಡ್‌ಲೈಟು ಹಚ್ಚಿದರೆ ಅರ್ಧಕ್ಕಿಂತ ಜಾಸ್ತಿ ಅಲ್ಲಿಗೇ ಹೋಯಿತು. ಉಸ್ತಾದರು ಅದೇ ಕೆಲಸ ಮಾಡುವ ಮಾರುತಿ 800ರ ಆಲ್ಟರ್ನೇಟರ್ ಒಂದನ್ನು ಬ್ರಾಕೆಟ್ ಮಾಡಿ ಡೈನಮೊ ಜಾಗಕ್ಕೇ ಕೂರಿಸಿದರು. ಗಾಡಿಯ ತಗಡಿಗೆ ಎಲ್ಲೂ ಕೈ ಹಾಕಲಿಲ್ಲ. ಡೈನಮೊಗೆ ಗ್ರೀಸ್ ಹಚ್ಚಿ, ಬಟ್ಟೆ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇವೆ. ಬ್ಯಾಟರಿಯಿಂದ ಆಂಪ್ಲಿಫೈಯರ್‌ಗೆ ನೇರ ತಂತಿ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್. ಫ್ಯೂಸ್ ಆಂಪ್ಲಿಫೈಯರ್ ಕಾಯೋಕೆ ಅಲ್ಲ, ತಂತಿ ಉರಿಯದಂತೆ ಕಾಯೋಕೆ. ಆದ್ದರಿಂದ ಅದು ಬ್ಯಾಟರಿ ಪಕ್ಕವೇ ಇರಬೇಕು. ತಂತಿ ಕೊಳ್ಳುವಾಗ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಬಳಿದ ಅಲ್ಯುಮಿನಿಯಂ. ಬಿಟ್ಟುಬಿಡಿ.

ಮೊದಲ ಸಲ ಹಚ್ಚಿದಾಗ ಸ್ಪೀಕರ್‌ನಲ್ಲಿ ಟಿಕ್ ಟಿಕ್ ಟಿಕ್. ಎಕ್ಸಲರೇಟರ್ ಒತ್ತಿದಷ್ಟೂ ವೇಗವಾಗುತ್ತಿತ್ತು. ಅದು ಪಾಯಿಂಟ್ (ಕರೆಂಟು ಕಡಿದು ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್ಚು) ಇರುವ ಹಳೆ ಇಗ್ನಿಷನ್ನಿನ ಸದ್ದು. ಪ್ಲಗ್ಗಿಗೆ ರೆಸಿಸ್ಟರ್ ಇರುವ ಟೋಪಿ ಹಾಕಿದೆವು. ಕಾಯಿಲ್‌ಗೆ ಸ್ವಿಚ್ಚಿನಿಂದ ಕರೆಂಟು ಬರುವ ಕಡೆ ಒಂದು ಕಂಡೆನ್ಸರ್ ಕೂರಿಸಿದೆವು. ಪಾಯಿಂಟಿನ ಕಡೆ ಕೂರಿಸಿದರೆ ಕಿಡಿಯೇ ಕೆಡುತ್ತದೆ, ಜೋಕೆ. ಕರೆಂಟಿನ ತಂತಿ ಗಾಡಿಯ ಎಡಕ್ಕೆ, ಹಾಡಿನ ತಂತಿ ಬಲಕ್ಕೆ. ಟಿಕ್ ಟಿಕ್ ನಿಂತಿತು.

ಸ್ಪೀಕರ್‌ಗಳನ್ನು ಎಲ್ಲಿ ಇಡುವುದು? ಮುಂದೆ ಕಾಲಿಡುವ ಜಾಗದ ಎರಡೂ ಪಕ್ಕಕ್ಕೆ ಮರೀನ್ ಪ್ಲೈನಿಂದ ಸಣ್ಣ ಪೆಟ್ಟಿಗೆ ಮಾಡಿಸಿದೆ. ಮೇಲೆ ಸೀಟಿನ ಬಣ್ಣದ್ದೇ ರೆಕ್ಸಿನ್. ಹಿಂದಿನ ಗಾಜಿನ ಕೆಳಗಿನ ಹಲಗೆಯನ್ನು ತೆಗೆದಿಟ್ಟು, ಅದರ ಅಳತೆಗೆ ಹೊಸ ಪ್ಲೈ ಹಲಗೆ ಮಾಡಿಸಿದೆ. ತೂತೆಲ್ಲ ಆ ಹೊಸ ಹಲಗೆಗೆ. ಮೇಲೆ ಗಾಳಿ ಆಡುವ ತೆಳು ಬಟ್ಟೆ, ಕೆಳಗೆ ಸ್ಪೀಕರ್. ಒಳಗೆ ಇಣುಕಿದರೆ ಒಂದು ಸ್ಪೀಕರೂ ಕಾಣುವುದಿಲ್ಲ. ಆಂಪ್ಲಿಫೈಯರ್ ಮುಂದಿನ ಸೀಟಿನ ಕೆಳಗೆ, ಮರದ ತುಂಡಿನ ಮೇಲೆ ಎತ್ತರಿಸಿ ಇಟ್ಟಿದೆ. ಮಳೆಗಾಲದಲ್ಲಿ ತಳದಿಂದ ನೀರು ಬಂದರೂ ಮುಟ್ಟಬಾರದು. ಗ್ಲೋವ್ ಬಾಕ್ಸಿನೊಳಗೆ ಬಚ್ಚಿಡೋಣ ಅಂತ ಒಬ್ಬರು ಹೇಳಿದ್ದರು. ನಮ್ಮ ಮೇ ತಿಂಗಳ ಬಿಸಿಲಿಗೆ ಅದು ಆಗದ ಮಾತು. ಹೊರಗೇ 42, 43 ಡಿಗ್ರಿ ಇರುವಾಗ ಮುಚ್ಚಿದ ಗಾಡಿಯೊಳಗೆ ಕೈ ಇಡೋಕಾಗಲ್ಲ. ಕಮ್ಮಿ ಬಿಸಿಯಾಗುವ ಕ್ಲಾಸ್ ಡಿ ಆಂಪ್ಲಿಫೈಯರ್ ಆರಿಸಿದ್ದೂ ಇದಕ್ಕೇ.

ಎಲ್ಲ ಮುಗಿದ ಮೇಲೆ ಒಂದು ಭಾನುವಾರ ಅಪ್ಪ, ಅವ್ವನನ್ನು ಕೂರಿಸಿಕೊಂಡು ಹುಮನಾಬಾದ್ ಕಡೆ ಹೊರಟೆ. ಕಮಲಾಪುರದವರೆಗೆ ಅಪ್ಪನೇ ಓಡಿಸಿದರು. ಹೆದ್ದಾರಿ ಸಿಕ್ಕ ಮೇಲೆ ಗುಬುಟು ತಿರುಗಿಸಿದರು. ಐವತ್ತು, ಐವತ್ತೈದು, ಅರವತ್ತು. ಎದೆಗೆ ಬಡಿಯುವ ಆ ಗುಂಯ್ ಇಲ್ಲ. ತಂಬೂರಿ ಕೇಳಿಸುತ್ತಿದೆ. ಬರೀ ಇದೆ ಅಂತಲ್ಲ, ತಂತಿ ತಂತಿಯೂ ಬೇರೆ ಬೇರೆ ಕೇಳಿಸುತ್ತಿದೆ. ಹಿಂದೆ ಕೂತಿದ್ದ ಅವ್ವ ಹಲಗೆಯ ಬಟ್ಟೆ ಮೇಲೆ ಕೈಯಾಡಿಸಿ, "ಹಾಡು ಎಲ್ಲಿಂದ ಬರ್ಲಾಕತ್ತದೋ?" ಅಂದಳು. ಅಪ್ಪ ಮಾತಾಡಲಿಲ್ಲ. ವಚನ ಮುಗಿದ ಮೇಲೆ, "ಪೈಪು ಛಲೋ ಆಗ್ಯದ" ಅಂದರು. ಹಾಡಿನ ಬಗ್ಗೆ ಅಲ್ಲ, ಪೈಪಿನ ಬಗ್ಗೆ. ನನಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಬೇಕಿರಲಿಲ್ಲ.

ಈಗ ಪೈಪಿನ ಸದ್ದು ಇಳಿದ ಮೇಲೆ ಬೇರೊಂದು ಕೇಳಿಸೋಕೆ ಶುರುವಾಗಿದೆ. ಮುಂದಿನ ಬಾಗಿಲಿನ ತಿಕೋನದ ಸಣ್ಣ ಗಾಜಿನ ಸಂದಿಯಲ್ಲಿ ಗಾಳಿ ಸಿಳ್ಳೆ ಹಾಕುತ್ತದೆ. ಅದರ ರಬ್ಬರ್ ಒಣಗಿ ಸೀಳಿದೆ. ಅಂಗಡಿಯಲ್ಲಿ ಸಿಗುವ ಮೀಟರ್ ಲೆಕ್ಕದ ಬೀಡಿಂಗ್ ಆ ಮೂಲೆಗೆ ಕೂರುತ್ತಿಲ್ಲ. ಪದ್ಮಿನಿಯ ಆ ಮೂಲೆಗೇ ಅಚ್ಚು ಹಾಕಿದ ರಬ್ಬರ್ ಬೇಕು, ಎಡಕ್ಕೊಂದು ಬಲಕ್ಕೊಂದು. ಬೀದರ್, ಯಾದಗಿರಿ ಕಡೆ ಯಾರ ಹತ್ತಿರವಾದರೂ ಹಳೆ ಸ್ಟಾಕ್ ಇದ್ದರೆ ತಿಳಿಸಿ, ನಾನೇ ಬಂದು ತಗೊಂಡು ಹೋಗುತ್ತೇನೆ.